ಬಾಟಲಿಯೊಳಗೆ ಏನಿದೆಯೆಂದು ಯಾರನ್ನು ಕೇಳೋಣ?

ಮೀನು ಮಾರ್ಕೆಟಿಗೆ ಹೋದರೆ ನಾವು ಬಂಗುಡೆಯ ಕಿವಿರು ಎತ್ತಿ ನೋಡುತ್ತೇವೆ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ನಿನ್ನೆಯದ್ದು. ಅಕ್ಕಿ ಅಂಗಡಿಯಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚುತ್ತೇವೆ. ಕಲ್ಲಂಗಡಿಯನ್ನು ತಟ್ಟಿ, ಬೆಲ್ಲವನ್ನು ನೆಕ್ಕಿ, ಎಣ್ಣೆಯನ್ನು ಮೂಸಿ ಕೊಳ್ಳುವುದು ಹಿರಿಯರು ನಮಗೆ ಕಲಿಸಿಕೊಟ್ಟ ರೂಢಿ. ಹಾಲಿಗೆ ನೀರು ಬೆರೆಸಿದ್ದರೆ ಚಹಾದ ಬಣ್ಣವೇ ಅದನ್ನು ಹೇಳಿಬಿಡುತ್ತದೆ. ಆದರೆ ಔಷಧದ ಅಂಗಡಿಯ ಮುಂದೆ ನಿಂತಾಗ ಈ ಜಾಣತನವೆಲ್ಲ ಅಲ್ಲಿಗೇ ಮುಗಿಯುತ್ತದೆ. ಕೊಟ್ಟದ್ದನ್ನು ತೆಗೆದುಕೊಳ್ಳುತ್ತೇವೆ, ಹೇಳಿದಷ್ಟು ಹಣ ಕೊಡುತ್ತೇವೆ, ಮನೆಗೆ ಬಂದು 'ಬಿಸ್ಮಿಲ್ಲಾಹ್' ಹೇಳಿ ಮಗುವಿನ ಬಾಯಿಗೆ ಹಾಕುತ್ತೇವೆ. ಲೋಕದಲ್ಲಿ ನಾವು ಕಣ್ಣು ಮುಚ್ಚಿ ಕೊಳ್ಳುವ ವಸ್ತುವೊಂದಿದ್ದರೆ ಅದು ಔಷಧ. ಅದನ್ನು ಬೇಡವೆನ್ನುವ ಶಕ್ತಿ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರೆ ಎಂಬುದು 2025ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯಲ್ಲಿ ಮತ್ತೊಮ್ಮೆ ಬಯಲಾಯಿತು. ಪರಾಸಿಯಾ ಎಂಬ ಊರಿನ ಸುತ್ತಮುತ್ತ ಸಣ್ಣ ಮಕ್ಕಳಿಗೆ ಸಾಮಾನ್ಯ ನೆಗಡಿ, ಜ್ವರ. ಹೆತ್ತವರು ವೈದ್ಯರ ಬಳಿ ಒಯ್ದರು. ವೈದ್ಯರು ಕೆಮ್ಮಿನ ಸಿರಪ್ ಬರೆದುಕೊಟ್ಟರು. ಮಕ್ಕಳು ಚೇತರಿಸಿಕೊಳ್ಳುವ ಬದಲು ವಾಂತಿ ಮಾಡತೊಡಗಿದರು, ಮೂತ್ರ ನಿಂತಿತು, ಮೂತ್ರಪಿಂಡ ಕೈಕೊಟ್ಟಿತು. ನಾಗಪುರದ ಆಸ್ಪತ್ರೆಗಳಿಗೆ ಸಾಗಿಸಲಾದ ಹಲವು ಮಕ್ಕಳು ಜೀವಂತ ಮರಳಲಿಲ್ಲ. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಅವರಲ್ಲಿ ಹೆಚ್ಚಿನವರಿಗೆ ಐದು ವರ್ಷವೂ ತುಂಬಿರಲಿಲ್ಲ.

ಆ ಸಿರಪ್ಪಿನ ಹೆಸರು ಕೋಲ್ಡ್ರಿಫ್. ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಶ್ರೀಸನ್ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪೆನಿಯಲ್ಲಿ. ಮಧ್ಯಪ್ರದೇಶದಿಂದ ಮಾಹಿತಿ ಬಂದ ಮೇಲೆ ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಮಾದರಿಯನ್ನು ತಂದು, ಹಬ್ಬದ ರಜೆಯ ನಡುವೆಯೂ ಎರಡೇ ದಿನಗಳಲ್ಲಿ ಪರೀಕ್ಷೆ ಮುಗಿಸಿತು. ಅದರಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇತ್ತು. ಬಾಟಲಿಯ ಹೆಚ್ಚುಕಡಿಮೆ ಅರ್ಧಭಾಗ ವಿಷ! ಇಂಥ ಸಿರಪ್ಪಿನಲ್ಲಿ ಆ ವಸ್ತುವಿಗಿರುವ ಮಿತಿ ಶೇ. 0.1 ಮಾತ್ರ.

ಎರಡು ದಿನದ ಪರೀಕ್ಷೆ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮಕ್ಕಳು ಸತ್ತ ಮೇಲೆ ಎರಡು ದಿನದಲ್ಲಿ ತಿಳಿದದ್ದು, ಬಾಟಲಿ ಕಾರ್ಖಾನೆಯ ಗೇಟು ದಾಟುವ ಮೊದಲೇ ತಿಳಿಯಬಹುದಾಗಿತ್ತು.

ಡೈಎಥಿಲೀನ್ ಗ್ಲೈಕಾಲ್ ಎಂದರೇನು? ಅದು ಬಣ್ಣವಿಲ್ಲದ, ವಾಸನೆಯಿಲ್ಲದ, ನಾಲಿಗೆಗೆ ಸಿಹಿಯೆನಿಸುವ ಮಂದ ದ್ರವ. ವಾಹನಗಳ ಬ್ರೇಕ್ ಆಯಿಲ್, ರೇಡಿಯೇಟರ್‌ನ ದ್ರಾವಣ, ಬಣ್ಣ, ಪ್ಲಾಸ್ಟಿಕ್ ಉದ್ಯಮಗಳಲ್ಲಿ ಬಳಕೆಯಾಗುತ್ತದೆ. ಸಿರಪ್ಪಿನಲ್ಲಿ ಔಷಧವನ್ನು ಕರಗಿಸಲು ಗ್ಲಿಸರಿನ್ ಅಥವಾ ಪ್ರೊಪೈಲೀನ್ ಗ್ಲೈಕಾಲ್ ಎಂಬ ನಿರಪಾಯದ ದ್ರವ ಬೇಕು. ಔಷಧದ ದರ್ಜೆಯ ದ್ರವಕ್ಕೆ ಬೆಲೆ ಹೆಚ್ಚು, ಕೈಗಾರಿಕೆಯ ದರ್ಜೆಯದ್ದಕ್ಕೆ ಕಡಿಮೆ. ನೋಡಲು, ಮುಟ್ಟಲು, ನೆಕ್ಕಲು ಎಲ್ಲವೂ ಒಂದೇ. ಡ್ರಮ್ಮು ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ದಾಟುವಾಗ ಮೂಲದ ಚೀಟಿ ಹೋಗಿ ಹೊಸ ಚೀಟಿ ಬರುತ್ತದೆ. ಕಾರ್ಖಾನೆಯವನು ಪರೀಕ್ಷಿಸದೆ ಅದನ್ನು ತೊಟ್ಟಿಗೆ ಸುರಿದರೆ ಮುಗಿಯಿತು. ಹೊಟ್ಟೆಗೆ ಹೋದ ಮೇಲೆ ದೇಹ ಅದನ್ನು ಒಡೆಯುತ್ತದೆ, ಆಗ ಹುಟ್ಟುವ ಆಮ್ಲ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೊಲ್ಲುತ್ತದೆ. ಮಗು ಚಿಕ್ಕದಾದಷ್ಟೂ ಅಪಾಯ ದೊಡ್ಡದು.

ಇದು ಹೊಸ ವಿಷವಲ್ಲ, ಹೊಸ ಅಪರಾಧವೂ ಅಲ್ಲ. 1937ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಒಂದು ಕಂಪೆನಿ ಸಲ್ಫಾನಿಲಮೈಡ್ ಎಂಬ ಮಾತ್ರೆಯನ್ನು ಮಕ್ಕಳು ಕುಡಿಯುವಂತೆ ದ್ರವರೂಪಕ್ಕೆ ತಂದಿತು. ಕರಗಿಸಲು ಬಳಸಿದ್ದು ಇದೇ ಡೈಎಥಿಲೀನ್ ಗ್ಲೈಕಾಲ್. ರುಚಿ ನೋಡಿದರು, ಬಣ್ಣ ನೋಡಿದರು, ಪರಿಮಳ ನೋಡಿದರು. ಕುಡಿದವರು ಬದುಕುತ್ತಾರೆಯೇ ಎಂದು ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಷ ಮಾರಿದ್ದಕ್ಕೆ ಶಿಕ್ಷಿಸುವ ಕಾನೂನು ಆಗ ಅಲ್ಲಿ ಇರಲಿಲ್ಲ. ಮದ್ಯಸಾರವಿಲ್ಲದ ದ್ರಾವಣವನ್ನು 'ಎಲಿಕ್ಸಿರ್' ಎಂದು ಕರೆದದ್ದು ತಪ್ಪು ಎಂದು ಕಂಪೆನಿಗೆ ದಂಡ ಹಾಕಿದರಷ್ಟೆ! ಆದರೆ ಆ ಸಾವುಗಳು ವ್ಯರ್ಥವಾಗಲಿಲ್ಲ. ಮಾರುವ ಮೊದಲು ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಮರುವರ್ಷವೇ, 1938ರಲ್ಲಿ, ಅಲ್ಲಿ ಬಂತು.

ಅಮೆರಿಕ ಕಲಿತ ಪಾಠ ನಮ್ಮ ಉಪಖಂಡಕ್ಕೆ ಮಾತ್ರ ತಲುಪಲೇ ಇಲ್ಲ. 1972ರಲ್ಲಿ ಮದ್ರಾಸಿನಲ್ಲಿ ಇದೇ ವಿಷದಿಂದ ಮಕ್ಕಳು ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವಿಷಬೆರೆತ ಗ್ಲಿಸರಿನ್ ಕುಡಿದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ಸಾವುಗಳ ಹಿಂದಿನ ಭ್ರಷ್ಟಾಚಾರವನ್ನು, ಪೂರೈಕೆದಾರರು, ಅಧಿಕಾರಿಗಳು, ರಾಜಕಾರಣಿಗಳ ನಡುವಿನ ನಂಟನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿತು. 1998ರಲ್ಲಿ ಗುರ್‌ಗಾಂವ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. 2020ರ ಆರಂಭದಲ್ಲಿ ಜಮ್ಮುವಿನ ರಾಮ್‌ನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. ಪ್ರತಿ ಬಾರಿಯೂ ತನಿಖೆ ನಡೆಯಿತು, ಪ್ರತಿ ಬಾರಿಯೂ ಪತ್ರಿಕೆಗಳು ಬರೆದವು, ಪ್ರತಿ ಬಾರಿಯೂ ನಾವೆಲ್ಲರೂ ಮರೆತೆವು.

ನೆರೆಯ ಬಾಂಗ್ಲಾದೇಶದ ಕಥೆ ಇನ್ನೂ ದಾರುಣ. ಢಾಕಾದ ಶಿಶು ಆಸ್ಪತ್ರೆಯ ಡಾ. ಮುಹಮ್ಮದ್ ಹನೀಫ್ ತಮ್ಮ ವಾರ್ಡಿಗೆ ಮೂತ್ರ ನಿಂತ ಮಕ್ಕಳು ಒಬ್ಬರ ಹಿಂದೊಬ್ಬರು ಬರುವುದನ್ನೂ ಸಾಯುವುದನ್ನೂ ಕಂಡು ಕಾರಣ ಹುಡುಕತೊಡಗಿದರು. ಜ್ವರಕ್ಕೆ ಕುಡಿಸಿದ ಪ್ಯಾರಸಿಟಮಾಲ್ ಸಿರಪ್ಪಿನ ಮೇಲೆ ಸಂಶಯ ಬಿತ್ತು. ಮಾದರಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ವಿಷ ಸಿಕ್ಕಿತು. 1990ರಿಂದ 1992ರವರೆಗಿನ ದಾಖಲೆಗಳನ್ನು ಆಧರಿಸಿ ಅವರೂ ಸಂಗಡಿಗರೂ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂತ್ರಪಿಂಡ ವಿಫಲವಾಗಿ ಬಂದ 339 ಮಕ್ಕಳ ಲೆಕ್ಕವಿದೆ. ಅವರಲ್ಲಿ 236 ಮಕ್ಕಳು ಸತ್ತಿದ್ದರು. ಆ ಸಿರಪ್ಪುಗಳ ಮಾರಾಟ ನಿಂತ ಮೇಲೆ ವಾರ್ಡಿಗೆ ಬರುವ ಇಂಥ ಮಕ್ಕಳ ಸಂಖ್ಯೆ ಥಟ್ಟನೆ ಕುಸಿಯಿತು. ಆದರೆ ನ್ಯಾಯದ ಗಾಲಿ ಮಾತ್ರ ಕುಂಟುತ್ತಲೇ ಸಾಗಿತು. ಒಂದು ಕಂಪೆನಿಯ ಮೂವರಿಗೆ ಶಿಕ್ಷೆಯಾದದ್ದು 2014ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಬದುಕಿದ್ದರೆ ತಾವೇ ತಂದೆ ತಾಯಂದಿರಾಗುವ ವಯಸ್ಸಿಗೆ ಬಂದಿರುತ್ತಿದ್ದರು.

2022ರಲ್ಲಿ ಈ ವಿಷ ಭಾರತದ ಹೆಸರು ಹೊತ್ತು ಕಡಲು ದಾಟಿತು. ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಔಷಧ ಪರೀಕ್ಷಿಸುವ ಸ್ವಂತ ಪ್ರಯೋಗಾಲಯ ಆಗ ಆ ದೇಶಕ್ಕೆ ಇರಲಿಲ್ಲ. ಅಕ್ಟೋಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಹರಿಯಾಣದ ಮೇಡನ್ ಫಾರ್ಮಾಸ್ಯುಟಿಕಲ್ಸ್ ತಯಾರಿಸಿದ ನಾಲ್ಕು ಸಿರಪ್ಪುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇಲ್ಲಿ ಉಳಿದಿದ್ದ ಮಾದರಿಗಳಲ್ಲಿ ದೋಷ ಸಿಗಲಿಲ್ಲವೆಂದು ನಮ್ಮ ಸರಕಾರ ಉತ್ತರಿಸಿತು. ಅದೇ ವರ್ಷದ ಕೊನೆಯಲ್ಲಿ ಉಜ್ಬೆಕಿಸ್ತಾನದಲ್ಲಿ ನೊಯ್ಡಾದ ಮ್ಯಾರಿಯನ್ ಬಯೋಟೆಕ್ ಕಂಪೆನಿಯ ಸಿರಪ್ ಕುಡಿದು ಮಕ್ಕಳು ಸತ್ತರು. ಅಲ್ಲಿನ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ, 68 ಮಕ್ಕಳ ಸಾವಿನ ಪ್ರಕರಣದಲ್ಲಿ, 23 ಮಂದಿಗೆ ಶಿಕ್ಷೆ ವಿಧಿಸಿತು. ಇಂಡೋನೇಷ್ಯಾದಲ್ಲಿ ಅದೇ ವರ್ಷ ಅಲ್ಲಿಯದೇ ಕಂಪೆನಿಗಳ ಸಿರಪ್ಪಿನಿಂದ 200ಕ್ಕೂ ಹೆಚ್ಚು ಮಕ್ಕಳು ಸತ್ತರು.

ಇದಾದ ಮೇಲೆ ನಮ್ಮ ಸರಕಾರ ಒಂದು ಒಳ್ಳೆಯ ಕೆಲಸ ಮಾಡಿತು. 2023ರ ಜೂನ್ 1ರಿಂದ ಕೆಮ್ಮಿನ ಸಿರಪ್ಪನ್ನು ಹೊರದೇಶಕ್ಕೆ ಕಳುಹಿಸಬೇಕಾದರೆ ಸರಕಾರ ಒಪ್ಪಿದ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯ ಎಂದಿತು. ಸರಿಯಾದ ನಿರ್ಧಾರ. ಆದರೆ ಛಿಂದ್ವಾರಾದ ಮಕ್ಕಳು ಕುಡಿದ ಬಾಟಲಿ ಹೊರದೇಶಕ್ಕೆ ಹೊರಟಿರಲಿಲ್ಲ. ಕಾಂಚೀಪುರಂನಿಂದ ಮಧ್ಯಪ್ರದೇಶಕ್ಕೆ ಹೋಗಲು ಅದಕ್ಕೆ ಆ ಪ್ರಮಾಣಪತ್ರ ಬೇಕಿರಲಿಲ್ಲ. ಕಚ್ಚಾವಸ್ತುವಿನ ಮತ್ತು ಸಿದ್ಧ ಔಷಧದ ಪ್ರತಿಯೊಂದು ಬ್ಯಾಚನ್ನೂ ತಯಾರಕನೇ ಪರೀಕ್ಷಿಸಬೇಕೆಂಬ ನಿಯಮ ಮೊದಲಿನಿಂದಲೂ ಇದೆ, ನಿಜ. ಆದರೆ ಹಲವರು ಹಾಗೆ ಪರೀಕ್ಷಿಸುತ್ತಿಲ್ಲವೆಂದು ಕೇಂದ್ರದ ಔಷಧ ನಿಯಂತ್ರಕರೇ 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಶ್ರೀಸನ್ ಕಾರ್ಖಾನೆಯ ತಪಾಸಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಲೋಪಗಳು ಸಿಕ್ಕವು. ಅವೆಲ್ಲ ಒಂದೇ ರಾತ್ರಿಯಲ್ಲಿ ಹುಟ್ಟಿದ ಲೋಪಗಳೇ? ಹೊರಗಿನವನ ಮುಂದೆ ಮಾನ ಹೋಗುತ್ತದೆಂಬ ಭಯ ಇರುವಲ್ಲಿ ಪ್ರಮಾಣಪತ್ರ, ಮನೆಯವರ ವಿಷಯಕ್ಕೆ ಬಂದರೆ ಬರೀ ನಂಬಿಕೆ. ಇದು ಯಾವ ನ್ಯಾಯ?

ಛಿಂದ್ವಾರಾದ ಸುದ್ದಿ ಬಂದ ವಾರ ನಮ್ಮ ಮನೆಯಲ್ಲಿದ್ದ ಸಿರಪ್ ಬಾಟಲಿಗಳನ್ನೆಲ್ಲ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಜ್ವರದ್ದು ಎರಡು, ಕೆಮ್ಮಿನದು ಎರಡು, ಅಲರ್ಜಿಯದ್ದು ಒಂದು. ಕನ್ನಡಕ ಹಾಕಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದೆವು. ಕಂಪೆನಿಯ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ತಿಂಗಳು, ಮುಗಿಯುವ ತಿಂಗಳು, ಬೆಲೆ. ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಎಲ್ಲವೂ ಇತ್ತು. ನಮಗೆ ಬೇಕಾಗಿದ್ದ ಒಂದು ಸಂಗತಿ ಮಾತ್ರ ಇರಲಿಲ್ಲ: ಇದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ?

ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ನಮ್ಮ ಬೀದಿಯ ಮೆಡಿಕಲ್ ಅಂಗಡಿಯ ಭಟ್ಟರ ಬಳಿಗೆ ಹೋದೆವು. ಮೂವತ್ತು ವರ್ಷಗಳ ಪರಿಚಯ. ಚೀಟಿ ಇಲ್ಲದೆ ಹೋದವರಿಗೆ ಆಂಟಿಬಯೋಟಿಕ್ ಕೊಡದ ಮನುಷ್ಯ. ಅವರು ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಒಳಗೆ ಏನುಂಟು ಅಂತ ನನಗೂ ಗೊತ್ತಿಲ್ಲ ಮಾರಾಯ್ರೆ. ನಾನು ನೋಡುವುದು ಬಿಲ್ಲು, ಬ್ಯಾಚು, ಎಕ್ಸ್‌ಪೈರಿ. ಹೋಲ್‌ಸೇಲಿನವ ಕೊಡ್ತಾನೆ, ನಾನು ಮಾರ್ತೇನೆ. ಅವನಿಗೂ ಗೊತ್ತಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೊಮ್ಮಗನಿಗೂ ಇದೇ ಅಂಗಡಿಯ ಮದ್ದು" ಎಂದು ಸೇರಿಸಿದರು. ಪ್ರಾಮಾಣಿಕ ಮನುಷ್ಯನೊಬ್ಬ ಪ್ರಾಮಾಣಿಕವಾಗಿ ಮಾರುವ ಬಾಟಲಿಗೂ ಆ ಪ್ರಾಮಾಣಿಕತೆ ಕಾವಲಾಗಲಾರದು. ಏಕೆಂದರೆ ಮೋಸ ನಡೆಯುವುದು ಅವರ ಕಣ್ಣಿಗೆ ಕಾಣದ ಜಾಗದಲ್ಲಿ.

ಕರ್ನಾಟಕದ ನಾವು ಇದನ್ನು ಎಲ್ಲಿಯೋ ದೂರದ ಸುದ್ದಿಯೆಂದು ಭಾವಿಸುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರಂತೆ ತೀರಿಕೊಂಡರು. ಐವರು ತಾಯಂದಿರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಗ್ಲೂಕೋಸಿನಂಥ ದ್ರಾವಣದ ಮೇಲೆ ಸಂಶಯ ಬಿತ್ತು. ಅಲ್ಲಿಯ ಪ್ರಶ್ನೆ ಡೈಎಥಿಲೀನ್ ಗ್ಲೈಕಾಲಿನದ್ದಲ್ಲ, ದ್ರಾವಣದ ಶುದ್ಧತೆಯದ್ದು. ಆ ಪಶ್ಚಿಮ ಬಂಗಾಳದ ಕಂಪೆನಿಯ ಕೆಲವು ಬ್ಯಾಚ್‌ಗಳನ್ನು ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ಗುಣಮಟ್ಟವಿಲ್ಲವೆಂದು ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಕೆಲವನ್ನು ಸರಿಯಿದೆಯೆಂದಿತ್ತು. ರಾಜ್ಯ ಸರಕಾರ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿ, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ತೊಟ್ಟಿಲಲ್ಲಿದ್ದ ಆ ಎಳೆಯ ಮಕ್ಕಳಿಗೆ ಇಂಥ ಆದೇಶಗಳಿಂದ ತಾಯಿ ಸಿಗುತ್ತಾಳೆಯೇ? ಖಾಸಗಿ ಆಸ್ಪತ್ರೆಗೆ ಹೋಗುವ ಶಕ್ತಿಯಿಲ್ಲದೆ ಸರಕಾರದ ಬಾಗಿಲಿಗೆ ಬರುವವರಿಗೆ ಆರಿಸಿಕೊಳ್ಳಲು ಇನ್ನೊಂದು ಬಾಟಲಿ ಇರುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಮಾರುಕಟ್ಟೆಯಲ್ಲಿ ನಡೆದುಹೋಗುತ್ತಿದ್ದಾಗ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿ ನೋಡಿದ ಘಟನೆ ನಮಗೆಲ್ಲ ಗೊತ್ತು. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಬೂಬು ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಕೇಳಿದ ಪ್ರವಾದಿಯವರು, ವಂಚಿಸುವವನು ತಮ್ಮವನಲ್ಲವೆಂದು ಸಾರಿದರು. ಜುಮಾ ಖುತ್ಬಾಗಳಲ್ಲಿ ಈ ಹದೀಸನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಆ ಘಟನೆಯಲ್ಲಿ ಎರಡು ಪಾಠಗಳಿವೆ. ವ್ಯಾಪಾರಿ ವಂಚಿಸಬಾರದು ಎಂಬುದು ಒಂದು. ಜನರ ಹೊಣೆ ಹೊತ್ತವನು ರಾಶಿಯನ್ನು ಮೇಲಿಂದ ನೋಡಿ ಮುಂದೆ ಹೋಗದೆ, ಒಳಗೆ ಕೈ ಹಾಕಿ ನೋಡಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವಷ್ಟು ಎರಡನೆಯದನ್ನು ನಾವು ಹೇಳುವುದಿಲ್ಲ.

ನಮ್ಮ ಪೂರ್ವಜರು ಹೇಳಿದ್ದರು, ಮಾಡಿಯೂ ಇದ್ದರು. ಮಾರುಕಟ್ಟೆಯ ಮೇಲ್ವಿಚಾರಣೆಗೆ 'ಹಿಸ್ಬಾ' ಎಂಬ ವ್ಯವಸ್ಥೆಯನ್ನೂ ಅದಕ್ಕೆ 'ಮುಹ್ತಸಿಬ್' ಎಂಬ ಅಧಿಕಾರಿಯನ್ನೂ ಇಟ್ಟಿದ್ದರು. ಹನ್ನೆರಡನೆಯ ಶತಮಾನದ ಸಿರಿಯಾದಲ್ಲಿ ಅಶ್ಶೈಝರಿ ಎಂಬ ವಿದ್ವಾಂಸರು ಈ ಅಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದರು. ಅದರಲ್ಲಿ ಔಷಧ ವ್ಯಾಪಾರಿಗಳ ಬಗ್ಗೆ, ಪಾನಕದ ಔಷಧ ತಯಾರಿಸುವವರ ಬಗ್ಗೆ ಪ್ರತ್ಯೇಕ ಅಧ್ಯಾಯಗಳಿವೆ. ಯಾವ ಔಷಧಕ್ಕೆ ಏನನ್ನು ಬೆರೆಸುತ್ತಾರೆ, ಆ ಬೆರಕೆಯನ್ನು ಹಿಡಿಯುವುದು ಹೇಗೆ ಎಂದೆಲ್ಲ ಅವರು ವಿವರಿಸಿದ್ದಾರೆ. ಇಂಗ್ಲಿಷಿನ 'ಸಿರಪ್' ಎಂಬ ಪದವೇ ಅರಬಿಯ 'ಶರಾಬ್'ನಿಂದ ಬಂದದ್ದು, ಅದರ ಅರ್ಥ ಪಾನೀಯ. 'ಎಲಿಕ್ಸಿರ್' ಬಂದದ್ದು 'ಅಲ್ ಇಕ್ಸೀರ್'ನಿಂದ. ಪದಗಳು ನಮ್ಮವು ಎಂದು ಬೀಗುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪಾನಕದ ಔಷಧ ಎಷ್ಟು ಹಳೆಯದೋ ಅದರಲ್ಲಿ ಬೆರಕೆ ಮಾಡುವವನೂ ಅಷ್ಟೇ ಹಳಬ. ಆದ್ದರಿಂದಲೇ ಅವರು ಬರೀ ಉಪದೇಶವನ್ನು ನೆಚ್ಚಿಕೊಳ್ಳದೆ ತಪಾಸಣೆಯನ್ನೂ ಇಟ್ಟರು ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ನಮ್ಮ ಸಮುದಾಯದಲ್ಲಿ ಇನ್ನೊಂದು ಒಳ್ಳೆಯ ರೂಢಿಯಿದೆ. ಕೆಮ್ಮಿನ ಸಿರಪ್ಪಿನಲ್ಲಿ ಆಲ್ಕೋಹಾಲ್ ಇದೆಯೇ, ಕ್ಯಾಪ್ಸೂಲಿನ ಕವಚದ ಜೆಲಟಿನ್ ಯಾವ ಪ್ರಾಣಿಯದ್ದು ಎಂದು ನಮ್ಮ ತಾಯಂದಿರು ವೈದ್ಯರನ್ನು ಕೇಳುತ್ತಾರೆ, ಉಸ್ತಾದರನ್ನು ಕೇಳುತ್ತಾರೆ. ಒಳಗೆ ಏನಿದೆಯೆಂದು ಕೇಳುವ ಧೈರ್ಯ ಅದು. ಆ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ಕುರ್‌ಆನ್ 'ಹಲಾಲ್' ಎನ್ನುವಲ್ಲಿ 'ತಯ್ಯಿಬ್' ಎಂದೂ ಹೇಳುತ್ತದೆ. ಧರ್ಮಬದ್ಧವೂ ಆಗಿರಬೇಕು, ಶುದ್ಧವೂ ಆಗಿರಬೇಕು. ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲಿಯೇ ಒಂದು ಅಧ್ಯಾಯ, ಅಲ್ ಮುತಫ್ಫಿಫೀನ್, ಅದರಲ್ಲಿದೆ. ಕಾಲು ಸೇರು ಕಡಿಮೆ ಅಳೆದವನ ಬಗ್ಗೆ ಅಷ್ಟು ಕಠಿಣ ಎಚ್ಚರಿಕೆ ಇರುವಾಗ, ಔಷಧದ ಜಾಗದಲ್ಲಿ ವಿಷ ಅಳೆದವನ ಪಾಡೇನು?

ಪರಲೋಕದ ವಿಚಾರಣೆ ಅಲ್ಲಾಹನಿಗೆ ಸೇರಿದ್ದು. ಇಹಲೋಕದ ವಿಚಾರಣೆ ನಮಗೆ ಸೇರಿದ್ದು. ಕಲಬೆರಕೆ ಔಷಧದಿಂದ ಸಾವು ಸಂಭವಿಸಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಶಿಕ್ಷೆ ನಮ್ಮ ಕಾನೂನಿನಲ್ಲಿದೆ. ಆದರೆ 2023ರ ಜನ ವಿಶ್ವಾಸ ಕಾಯ್ದೆ ಗುಣಮಟ್ಟವಿಲ್ಲದ ಔಷಧಕ್ಕೆ ಸಂಬಂಧಿಸಿದ ಕೆಲವು ಅಪರಾಧಗಳನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದವುಗಳ ಸಾಲಿಗೆ ಸೇರಿಸಿತು. ದೊಡ್ಡ ಸಾವಿಗೆ ದೊಡ್ಡ ಶಿಕ್ಷೆ, ಸಣ್ಣ ಲೋಪಕ್ಕೆ ರಾಜಿ ಎಂದರೆ ಕೇಳಲು ಹಿತವಾಗಿದೆ. ಆದರೆ ದೊಡ್ಡ ಸಾವುಗಳು ಬರುವುದು ಸಣ್ಣ ಲೋಪಗಳ ಬೆನ್ನು ಹತ್ತಿಯೇ ಅಲ್ಲವೇ?

ಈ ಭಯದಿಂದ ಔಷಧವನ್ನೇ ಬಿಟ್ಟು ಕೂರುವುದು ಜಾಣತನವಲ್ಲ. ಮದ್ದಿಲ್ಲದೆ ಸಾಯುವ ಮಕ್ಕಳೂ ನಮ್ಮಲ್ಲಿದ್ದಾರೆ. ಆದರೆ ಸಾಮಾನ್ಯ ನೆಗಡಿ ಕೆಮ್ಮಿಗೆ ಸಿರಪ್ಪೇ ಬೇಕೆಂಬ ಹಟ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ತಿಳಿಸಿದೆ. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅದು ಬೇಡ ಎಂದಿದೆ. ಮಕ್ಕಳ ಕೆಮ್ಮು ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ. ಆರೈಕೆ, ವಿಶ್ರಾಂತಿ, ಸಾಕಷ್ಟು ನೀರು ಸಾಕು. ಔಷಧ ಕೊಳ್ಳುವಾಗ ಬಿಲ್ಲು ಕೇಳಿ ಪಡೆಯೋಣ, ಬಾಟಲಿ ಮುಗಿದ ಕೂಡಲೇ ಎಸೆಯದೆ ಕೆಲವು ದಿನ ಇಟ್ಟುಕೊಳ್ಳೋಣ. ಸಿರಪ್ ಕುಡಿದ ಮಗುವಿಗೆ ವಾಂತಿ, ಮಂಪರು ಕಾಣಿಸಿದರೆ, ಮುಖ್ಯವಾಗಿ ಮೂತ್ರ ಕಡಿಮೆಯಾದರೆ, ಬಾಟಲಿಯನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಓಡೋಣ. ಔಷಧದ ದುಷ್ಪರಿಣಾಮವನ್ನು ತಿಳಿಸಲು 1800-180-3024 ಎಂಬ ಉಚಿತ ಸರಕಾರಿ ದೂರವಾಣಿಯಿದೆ. ಮಸೀದಿಯ ಫಲಕದಲ್ಲಿ, ಮದ್ರಸಾದ ಗೋಡೆಯಲ್ಲಿ, ಅಂಗನವಾಡಿಯ ಬಾಗಿಲಲ್ಲಿ ಅದನ್ನು ಬರೆದು ಹಾಕಲು ಯಾರ ಅನುಮತಿಯೂ ಬೇಕಿಲ್ಲ.

ಮನೆಯವರ ಎಚ್ಚರ ಇಷ್ಟಕ್ಕೇ ಮುಗಿಯುತ್ತದೆ. ಅದಕ್ಕಿಂತ ಮುಂದಿನದು ಸರಕಾರದ ಕೆಲಸ, ಆ ಕೆಲಸ ಮಾಡಿಸುವುದು ನಮ್ಮ ಕೆಲಸ. ಚುನಾವಣೆಗೆ ಮತ ಕೇಳಲು ಬರುವವರನ್ನು ನಾವು ರಸ್ತೆ ಕೇಳುತ್ತೇವೆ, ಚರಂಡಿ ಕೇಳುತ್ತೇವೆ. ನಮ್ಮ ಜಿಲ್ಲೆಯಲ್ಲಿ ಔಷಧ ತಪಾಸಣೆ ಮಾಡುವವರು ಎಷ್ಟು ಮಂದಿ, ಕಳೆದ ವರ್ಷ ಎಷ್ಟು ಮಾದರಿಗಳನ್ನು ಪರೀಕ್ಷಿಸಿದರು, ಎಷ್ಟು ಅನುತ್ತೀರ್ಣವಾದವು, ಅದಕ್ಕೆ ಯಾರ ಮೇಲೆ ಕ್ರಮವಾಯಿತು ಎಂದು ಇನ್ನು ಮುಂದೆ ಇದನ್ನೂ ಕೇಳೋಣ. ಹೊರದೇಶದ ಮಗುವಿಗೆ ಹೋಗುವ ಬಾಟಲಿಯ ಜೊತೆ ಕಡ್ಡಾಯ ಮಾಡಿದ ಆ ಒಂದು ಪ್ರಮಾಣಪತ್ರ, ನಮ್ಮೂರ ಮಗುವಿನ ಬಾಟಲಿಯ ಜೊತೆಗೂ ಬರಲಿ ಎಂದು ಕೇಳೋಣ. ದೊಡ್ಡ ಬೇಡಿಕೆಯೇನಲ್ಲ ಇದು, ಎರಡು ದಿನದ ಪರೀಕ್ಷೆ.